ಮೈ ಬದಲಿ

ಗಿರಣಿಯಲ್ಲಿ ಟಿಕಳಿ ಹಂಚಿದ ಮೊದಲ ದಿನ ಸಂಜೆ ಹೆಂಗಸರೆಲ್ಲ ಸತ್ತರು. ಆರೋಗ್ಯ ಕೋಣೆಯ ಪರದೆಯ ಮೇಲೆ ಒಂದೊಂದೇ ಎದೆಬಡಿತ, ಕುಗ್ಗದೆ ತಡವರಿಸದೆ, ಬಲ್ಬು ಆರಿಸಿದ ಹಾಗೆ ನಿಂತುಹೋಯಿತು. ಆಂಬುಲೆನ್ಸು ಕಾರ್ಮಿಕರ ಮನೆಸಾಲಿಗೆ, ಗಿರಣಿ ಚಾಳಿಗೆ ಓಡಿತು. ಅಲ್ಲಿ ಸತ್ತವರು ರೊಟ್ಟಿ ಬಡಿಯುತ್ತ ಕೂತಿದ್ದರು. ಪಾಳಿ ಮುಗಿಸಿ ಬಂದು, ಮುಖ ತೊಳೆಯುವ ಮುಂಚೆ ಹಣೆಯ ಟಿಕಳಿ ಕಿತ್ತು ಕನ್ನಡಿಗೆ ಅಂಟಿಸುವಾಗ ಕೈಯ ಟಿಕಳಿಯನ್ನೂ ಕಿತ್ತು ಪಕ್ಕದಲ್ಲೇ ಅಂಟಿಸಿದ್ದರು.

ಟಿಕಳಿ ಎನ್ನುವುದು ಕಂಪನಿ ಇಟ್ಟ ಹೆಸರಲ್ಲ. ಕಂಪನಿಯ ಹೆಸರು ಉದ್ದವಿತ್ತು, ಇಂಗ್ಲಿಷಿನದಾಗಿತ್ತು, ಅದನ್ನು ಯಾರೂ ಪೂರ್ತಿ ಉಚ್ಚರಿಸಲಿಲ್ಲ. ಮಣಿಕಟ್ಟಿನ ಒಳಮೈಗೆ ಅಂಟಿಸುವ, ಹಣೆಬೊಟ್ಟಿನಷ್ಟೇ ಅಗಲದ ಬಿಲ್ಲೆ ಅದು. ಬೆವರಿನ ಉಪ್ಪು, ರಕ್ತದ ಸಕ್ಕರೆ, ನಾಡಿಯ ಓಟ, ಉಸಿರಿನ ಬಿಗಿ ಎಲ್ಲವನ್ನೂ ಓದಿ, ಈ ಮನುಷ್ಯನಿಗೆ ಮುಂದೆ ಯಾವ ಕಾಯಿಲೆ, ಎಷ್ಟರಮಟ್ಟಿಗೆ ಬರಬಹುದು ಎಂದು ಲೆಕ್ಕ ಹಾಕುತ್ತಿತ್ತು. ಹಸಿರು ಬೆಳಗಿದರೆ ಕ್ಷೇಮ. ಹಳದಿ ಬಂದರೆ ಎಚ್ಚರ. ಕೆಂಪು ಬಂದರೆ ವಿಶ್ರಾಂತಿ ವಿಭಾಗ. ಗಿರಣಿಯ ಹಿಂದಿನ ಹಳೇ ಗೋದಾಮಿಗೆ ಸುಣ್ಣ ಬಳಿದು ಮಾಡಿದ್ದ ಆ ವಿಭಾಗದಲ್ಲಿ ನಡೆದಾಡಲು ಜಾಗವಿತ್ತು, ಮೊಳಕೆಕಾಳು ಕೊಡುತ್ತಿದ್ದರು, ಉಸಿರಾಟ ಕಲಿಸುತ್ತಿದ್ದರು. ಅಲ್ಲಿಗೆ ಹೋದವರು ಮತ್ತೆ ಮಷೀನಿನ ಮುಂದೆ ನಿಂತದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಆರೋಗ್ಯ ಯೋಜನೆಯ ಮುಖ್ಯಸ್ಥೆ ಡಾಕ್ಟರ್ ವಿಭಾ ಮರುದಿನ ತಾವೇ ಚಾಳಿಗೆ ಬಂದು, ಸ್ನಾನ ಮಾಡುವಾಗಲೂ ಇದನ್ನು ತೆಗೆಯಬಾರದು, ಇದು ನಿಮ್ಮ ಮೈಯದೇ ಭಾಗ ಎಂದು ತಿಳಿಸಿ ಹೇಳಿದರು. ಹೆಂಗಸರು ತಲೆಯಾಡಿಸಿದರು. ಆದರೆ ಆ ಸಂಜೆಯಿಂದ ಚಾಳು ಕಲಿತ ಪಾಠ ಬೇರೆಯದೇ ಆಗಿತ್ತು. ಟಿಕಳಿ ಕಿತ್ತರೆ ಬರುತ್ತದೆ. ತಿರುಗಿ ಅಂಟಿಸುವಾಗ ಅದು ಯಾರ ಕೈ ಎಂದು ಯಾರೂ ಬಂದು ನೋಡುವುದಿಲ್ಲ.

ಹತ್ತಿ ಹಿಂಜುವ ಕಾರ್ಡಿಂಗ್ ವಿಭಾಗದ ಜಾಬರ್, ಅಂದರೆ ಮೇಸ್ತ್ರಿ, ಬಾಬಾಜಾನ್ ಕಾಕಾ ಅದೇ ವಾರ ಯಮನೂರಪ್ಪನ ಮನೆ ಬಾಗಿಲಿಗೆ ಬಂದ.

"ನನ್ನ ಸಕ್ಕರಿಗೆ ಒಬ್ಬ ಬದಲಿ ಬೇಕಾಗ್ಯಾನ," ಅಂದ.

ಯಮನೂರಪ್ಪ ಗಿರಣಿಯ ಬದಲಿ. ಖಾಯಂ ಕೆಲಸಗಾರ ಬಾರದ ದಿನ ಅವನ ಮಷೀನಿನ ಮುಂದೆ, ಅವನ ನಂಬರಿನಲ್ಲಿ ನಿಲ್ಲುವವನು. ಒಂದು ದಿನ ಕಾರ್ಡಿಂಗು, ಮರುದಿನ ಗೋದಾಮು, ಅದರ ಮರುದಿನ ಗೇಟಿನ ಮುಂದೆ ಸುಮ್ಮನೆ ಕೂರುವುದು. ಯಾರು ಎಂದು ಕೇಳಿದರೆ ಬದಲಿ ತನ್ನ ಹೆಸರು ಹೇಳುವುದಿಲ್ಲ, ಯಾರ ಜಾಗದಲ್ಲಿ ನಿಂತಿದ್ದಾನೋ ಅವರ ನಂಬರು ಹೇಳುತ್ತಾನೆ. ಗಿರಣಿ ಶುರುವಾದಾಗಿನಿಂದ ನಡೆದುಬಂದ ರೂಢಿ ಇದು, ಇದರಲ್ಲಿ ಮೋಸವೇನೂ ಇಲ್ಲ. ಹಾಗಾಗಿ ಬಾಬಾಜಾನ್ ಕೇಳಿದ್ದರಲ್ಲೂ ಯಾರಿಗೂ ಮೋಸ ಕಾಣಲಿಲ್ಲ. ಕೈಕಾಲಿಗೆ ಬದಲಿ ಇರುವಾಗ ಸಕ್ಕರೆಗೆ ಯಾಕಿರಬಾರದು?

ಯಮನೂರಪ್ಪನ ಮೈ ಗಟ್ಟಿಮುಟ್ಟಾಗಿತ್ತು. ಅದರಲ್ಲಿ ಅವನ ಸಾಧನೆ ಏನೂ ಇರಲಿಲ್ಲ. ಬಾಬಾಜಾನನ ಟಿಕಳಿ ಅವನ ತೋಳಿನ ಮೇಲೆ ಹಸಿರಾದದ್ದೇ ತಡ, ಹಿಂದೆಯೇ ಬಿಪಿಯವರು ಬಂದರು, ಎದೆಯ ದಮ್ಮಿನವರು ಬಂದರು. ತಿಂಗಳು ತುಂಬುವುದರೊಳಗೆ ಕಾರ್ಡಿಂಗಿನ ಹನ್ನೊಂದೂ ಮಂದಿಯ ಟಿಕಳಿಗಳು ಮಣಿಕಟ್ಟಿನಿಂದ ಮೊಣಕೈವರೆಗೆ ಸಾಲಾಗಿ ಕೂತವು. ಕೊನೆಯದು ಅವನ ಹೆಂಡತಿ ಹುಲಿಗೆವ್ವನದು. ಅವಳು ಕಾರ್ಡಿಂಗಿನಲ್ಲಿ ಖಾಯಂ. ವಾರದ ರಜೆ ಮುಗಿಸಿ ಸೋಮವಾರ ಒಳಗೆ ಕಾಲಿಟ್ಟರೆ ಅವಳ ಎದೆ ಬಿಗಿಯುತ್ತಿತ್ತು. ಹತ್ತಿಯ ಧೂಳಿನಲ್ಲಿ ನಿಲ್ಲುವವರಿಗೆಲ್ಲ ಇದು ಗೊತ್ತು, ಸೋಮವಾರದ ಬಿಗಿ ಎಂದು ಅದಕ್ಕೆ ಹೆಸರೂ ಇದೆ.

"ಗಂಡನ ಕೈ ಮ್ಯಾಲ ಜಾಗ ಉಳದಿಲ್ಲ ನೋಡು," ಎಂದು ತೋಳು ತೋರಿಸಿದ ಅವನು.

"ಊರ ಮಂದಿಗೆಲ್ಲ ಹಂಚಿ ಮಿಕ್ಕಿದ್ದು ಹೆಂಡ್ತಿಗೆ. ಹಚ್ಚರಿ ಅತ್ತಾಗ," ಎಂದು ಅವಳೇ ಜಾಗ ಹುಡುಕಿ ಒತ್ತಿದಳು.

ಬದಲಿಗಳಿಗೆ ಕಂಪನಿ ಟಿಕಳಿ ಕೊಟ್ಟಿರಲಿಲ್ಲ. ಹೀಗಾಗಿ ಯಮನೂರಪ್ಪ ಪರದೆಯ ಮೇಲೆ ಹನ್ನೊಂದು ಜನರಾಗಿ ಉಸಿರಾಡುತ್ತಿದ್ದ, ಯಮನೂರಪ್ಪನಾಗಿ ಮಾತ್ರ ಎಲ್ಲಿಯೂ ಇರಲಿಲ್ಲ. ಒಂದೇ ಎದೆ ಹನ್ನೊಂದು ಕಡೆ ಬಡಿಯುತ್ತಿರುವುದನ್ನು ಯಂತ್ರ ಕಂಡುಹಿಡಿಯಬಹುದಿತ್ತು. ಆದರೆ ಒಬ್ಬರ ಮೈಯ ವಿವರವನ್ನು ಇನ್ನೊಬ್ಬರದರ ಜೊತೆ ಹೋಲಿಸಕೂಡದು ಎಂದು ಯೂನಿಯನ್ನೇ ಮೊದಲ ದಿನ ಪಟ್ಟು ಹಿಡಿದು ಕರಾರು ಮಾಡಿಸಿತ್ತು. ಯಂತ್ರ ಕರಾರಿಗೆ ನಿಯತ್ತಾಗಿತ್ತು.

ಮುಂದಿನ ಎರಡು ವರ್ಷ ಅವನಷ್ಟು ಜೋಪಾನವಾಗಿ ಬದುಕಿದವರು ಹುಬ್ಬಳ್ಳಿಯಲ್ಲಿ ಇನ್ನೊಬ್ಬರಿರಲಿಲ್ಲ. ಗೇಟಿನ ಮುಂದಿನ ಗಾಡಿಯಲ್ಲಿ ಮಿರ್ಚಿ ಭಜಿ ಬಾಯಿಗಿಟ್ಟರೆ ಹಿಂದಿನಿಂದ ಬಾಬಾಜಾನ್ ಕಾಕಾನ ದನಿ ಬರುತ್ತಿತ್ತು.

"ಏ ಯಮನೂರ, ಬಾಯಾಗ ಏನೈತಿ?"

"ಮಿರ್ಚಿ ಕಾಕಾ. ಒಂದ."

"ಉಗುಳು."

"ಅರ್ಧ ನುಂಗೀನಿ."

"ಉಳದರ್ಧ ಉಗುಳಲೇ. ಆ ಹೊಟ್ಟಿ ನಿನ್ನಪ್ಪಂದು ಅಂತ ತಿಳದಿ ಏನು? ಅದರಾಗ ನನ್ನ ಪಾಲೈತಿ."

ತಂಬಾಕು ಬಿಡಿಸಿದರು. ನಸುಕಿನಲ್ಲಿ ನಡೆಸಿದರು. ನಿದ್ದೆ ಕೆಡಬಾರದೆಂದು ಅಕ್ಕಪಕ್ಕದ ಮನೆಗಳಲ್ಲಿ ಟೀವಿ ಸಣ್ಣಗಿಟ್ಟರು. ಮನೆಯಲ್ಲಿ ಹುಲಿಗೆವ್ವ ಜಗಳಕ್ಕೆ ನಿಂತರೆ ಅವನು ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುತ್ತಿದ್ದ.

"ಸಿಟ್ಟು ಮಾಡಂಗಿಲ್ಲ ನಾ. ನಾಕು ಮಂದಿ ಬಿಪಿ ಐತಿ ನನ್ನ ಕೈಯಾಗ."

"ಹೆಂಡ್ತಿ ಕೂಡ ಜಗಳಾಡಾಕ ಒಬ್ಬ ಬದಲಿ ಹುಡುಕ್ರಿ ಹಂಗಾರ," ಎಂದು ಅವಳು ಪಾತ್ರೆ ತಿಕ್ಕಲು ಹೋಗುತ್ತಿದ್ದಳು.

ಆರೋಗ್ಯ ಯೋಜನೆ ಗೆದ್ದಿತು. ಕಾರ್ಡಿಂಗ್ ವಿಭಾಗದ್ದು ಪೂರ್ಣ ಪಾಲ್ಗೊಳ್ಳುವಿಕೆ, ಪೂರ್ಣ ಹಸಿರು. ಡಾಕ್ಟರ್ ವಿಭಾ ಅವರ ಸಂತೋಷ ನಿಜವಾದದ್ದಾಗಿತ್ತು. ಕಾರ್ಮಿಕರು ಐವತ್ತಕ್ಕೇ ಕೆಮ್ಮಿ ಸಾಯುವುದನ್ನು ಅವರು ಬೇರೆ ಊರುಗಳ ಗಿರಣಿಗಳಲ್ಲಿ ನೋಡಿಬಂದಿದ್ದರು.

ಒಂದು ದಿನ ಫ್ಯಾನ್ ಮನೆಯ ಆಪರೇಟರ್ ರಜೆ ಹಾಕಿದ. ಅವನ ಜಾಗದಲ್ಲಿ ಯಮನೂರಪ್ಪ ನಿಂತ. ಗಿರಣಿಯ ಒಳಗಿನ ಧೂಳನ್ನು ಹೀರಿ ಹೊರಗೆಸೆಯುವ ದೊಡ್ಡ ಫ್ಯಾನುಗಳು ಅಲ್ಲಿದ್ದವು. ಗೋಡೆಯ ಪರದೆಯಲ್ಲಿ ಒಂದೊಂದು ವಿಭಾಗಕ್ಕೂ ಏಣಿಯಂಥ ಚಿತ್ರ, ಏಣಿಯ ಮೇಲೊಂದು ಬೆಳಕಿನ ಚುಕ್ಕಿ. ಚುಕ್ಕಿ ಏರಿದಷ್ಟೂ ಫ್ಯಾನು ಜೋರು. ಮುಟ್ಟುವ ಕೆಲಸವೇನೂ ಇರಲಿಲ್ಲ, ನೋಡುತ್ತ ಕೂತರಾಯಿತು. ಕಾರ್ಡಿಂಗಿನ ಚುಕ್ಕಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿತ್ತು. ಹತ್ತಿಯ ಕಸ, ನಾರು, ಧೂಳು ಅತಿ ಹೆಚ್ಚು ಹಾರುವುದು ಅಲ್ಲೇ. ಅವನಿಗೆ ವಿಚಿತ್ರವೆನ್ನಿಸಿತು.

ಅಷ್ಟರಲ್ಲಿ ಡಾಕ್ಟರ್ ವಿಭಾ ಹೆಡ್ಡಾಫೀಸಿನ ಇಬ್ಬರನ್ನು ಕರೆದುಕೊಂಡು ಒಳಗೆ ಬಂದರು. ಅವನು ಕೈ ಹಿಂದೆ ಕಟ್ಟಿ ಗೋಡೆಗೆ ಸರಿದ.

"ಮೊದಲು ಈ ಫ್ಯಾನುಗಳು ಕುರುಡಾಗಿ ತಿರುಗ್ತಿದ್ವು," ಎಂದರು ಅವರು. "ಧೂಳು ಇರಲಿ ಬಿಡಲಿ, ಒಂದೇ ವೇಗ. ಈಗ ಕಾರ್ಮಿಕರ ಎದೆ ಕೇಳಿಕೊಂಡು ತಿರುಗ್ತವೆ. ಟಿಕಳಿಯಲ್ಲಿ ಉಸಿರು ಬಿಗಿಯಾಗಿದೆ ಅಂತ ಬಂದ್ರೆ ಫ್ಯಾನ್ ತಾನೇ ಏರುತ್ತೆ. ಹಗುರಾಗಿದ್ರೆ ಇಳಿಯುತ್ತೆ. ಧೂಳು ಅಳೆಯೋ ಯಂತ್ರ ಧೂಳನ್ನಷ್ಟೇ ಅಳೆಯುತ್ತೆ. ನಾವು ಮನುಷ್ಯರನ್ನ ಕೇಳ್ತೀವಿ."

"ಕಾರ್ಡಿಂಗ್ ಇಷ್ಟು ಕೆಳಗಿದೆಯಲ್ಲ?" ಎಂದರು ಬಂದವರಲ್ಲಿ ಒಬ್ಬರು.

"ಅದೇ ನಮ್ಮ ಹೆಮ್ಮೆ. ಎರಡು ವರ್ಷದಲ್ಲಿ ಅಲ್ಲಿ ಒಬ್ಬರ ಎದೆಯೂ ಬಿಗಿದಿಲ್ಲ." ಆಮೇಲೆ ಅವನ ಕಡೆ ತಿರುಗಿದರು. "ನೀವು ಹೊಸಬರಾ? ಟಿಕಳಿ ಎಲ್ಲಿ?"

"ಬದಲಿ ರೀ ಮೇಡಂ. ಬದಲಿ ಮಂದಿಗೆ ಕೊಟ್ಟಿಲ್ರಿ."

"ಹೌದಲ್ಲ. ನಿಮ್ಮನ್ನೂ ಸೇರಿಸ್ಬೇಕು ಅಂತ ಬರೆದಿದೀನಿ. ನಿಮಗೂ ಎದೆ ಇದೆಯಲ್ಲ," ಎಂದು ಅವರು ನಕ್ಕರು.

ಅವರು ಹೋದ ಮೇಲೆ ಯಮನೂರಪ್ಪ ಅಂಗಿಯ ತೋಳು ಮೇಲೇರಿಸಿ ನೋಡಿಕೊಂಡ. ಹನ್ನೊಂದು ಹಸಿರು. ಪರದೆಯ ಚುಕ್ಕಿ ನೋಡಿದ. ಉಸಿರು ಬಿಗಿಹಿಡಿದು ನೋಡಿದ, ಚುಕ್ಕಿ ಅಲುಗಲಿಲ್ಲ. ಅಂಥ ಸಣ್ಣ ಆಟಕ್ಕೆ ಅದು ಮೋಸಹೋಗುತ್ತಿರಲಿಲ್ಲ. ಹುಲಿಗೆವ್ವನ ಸೋಮವಾರದ ಬಿಗಿ ಈಚೆಗೆ ಗುರುವಾರದವರೆಗೂ ಬಿಡುತ್ತಿರಲಿಲ್ಲ. ಹೋದ ವಾರ ಶನಿವಾರವೂ ಕೆಮ್ಮಿದ್ದಳು. ವಯಸ್ಸಾಯಿತು ಎಂದುಕೊಂಡಿದ್ದರು ಇಬ್ಬರೂ. ಒಳಗಿನ ಗಾಳಿಯನ್ನು ತಾನೇ, ಮಿರ್ಚಿ ಬಿಟ್ಟು, ನಸುಕಿನಲ್ಲಿ ನಡೆದು, ಸಿಟ್ಟು ನುಂಗಿ ಕೆಡಿಸುತ್ತ ಬಂದಿದ್ದೇನೆ ಎನ್ನುವುದು ಫ್ಯಾನ್ ಮನೆಯ ತಂಪಿನಲ್ಲಿ ಅವನಿಗೆ ತಿಳಿಯಿತು.

ಮನೆಗೆ ಬಂದು ಹೇಳಿದ. ಹುಲಿಗೆವ್ವ ಚಹಾ ಸೋಸುತ್ತಿದ್ದವಳು ಪೂರ್ತಿ ಕೇಳಿದಳು.

"ಅಂದ್ರ ನೀವು ಆರಾಮ ಇದ್ದಷ್ಟೂ ನಮಗ ಧೂಳು."

"ಹಂಗ ಆತು."

"ನಂದು ನನಗ ಕೊಡ್ರಿ."

"ಕೆಂಪು ಬರತೈತಿ. ವಿಶ್ರಾಂತಿಗೆ ಹಾಕ್ತಾರ."

ಅವಳು ಉತ್ತರ ಕೊಡಲು ಹೋಗಿ ಕೆಮ್ಮಿದಳು. ಕೆಮ್ಮು ಮುಗಿಯುವವರೆಗೆ ಅವನು ಲೋಟ ಹಿಡಿದು ನಿಂತಿದ್ದ.

ಬಾಬಾಜಾನ್ ಕಾಕಾನನ್ನು ಕರೆಸಿದರು. ಕಾಕಾ ಕಟ್ಟೆಯ ಮೇಲೆ ಕೂತು ಗಡ್ಡ ಕೆರೆದುಕೊಂಡ. "ಒಬ್ಬಾಕಿ ಹಚಗೊಂಡ್ರ ಒಬ್ಬಾಕಿನ್ನ ಎತ್ತತಾರ," ಅಂದ. "ಎಲ್ಲಾರೂ ಒಮ್ಮೆಲೆ ಹಚಗೊಂಡ್ರ? ಇಡೀ ಕಾರ್ಡಿಂಗ್ ಎತ್ತಿ ಮೊಳಕಿಕಾಳ ತಿನ್ನಾಕ ಕೂಡ್ರಿಸಿದ್ರ ಹತ್ತಿ ಯಾರು ಹಿಂಜತಾರ? ಡಾಕ್ಟರ್ ಮೇಡಂ ಬಂದು ಹಿಂಜತಾರೇನು?"

ಅದು ಸರಿಯಾಗಿ ಕಂಡಿತು. ಸೋಮವಾರ ಬೆಳಿಗ್ಗೆ ಗೇಟಿನ ಹೊರಗೆ ಯಮನೂರಪ್ಪ ತೋಳು ಚಾಚಿ ನಿಂತ. ಒಬ್ಬೊಬ್ಬರೇ ಬಂದು ತಮ್ಮದನ್ನು ಕಿತ್ತು ತಮ್ಮ ಮಣಿಕಟ್ಟಿಗೆ ಒತ್ತಿಕೊಂಡರು. ಕೂದಲು ಕಿತ್ತು ಬಂದ ಕಡೆ ಅವನ ಚರ್ಮ ಉರಿಯಿತು. ಒಳಗೆ ಹೋಗಿ ಅರ್ಧ ಪಾಳಿಯವರೆಗೆ ಎಲ್ಲರೂ ಕೆಂಪಿಗಾಗಿ ಕಾದರು.

ಕೆಂಪು ಬರಲಿಲ್ಲ, ನೀಲಿ ಬಂತು. ನೀಲಿ ಬಣ್ಣವನ್ನು ಅವರಲ್ಲಿ ಯಾರೂ ನೋಡಿರಲಿಲ್ಲ.

ಡಾಕ್ಟರ್ ವಿಭಾ ಅವರನ್ನೆಲ್ಲ ಆರೋಗ್ಯ ಕೋಣೆಗೆ ಕರೆಸಿದರು. ಅವತ್ತು ಯಮನೂರಪ್ಪನೂ ಗೋದಾಮಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ.

"ನೀಲಿ ಅಂದ್ರೆ ಬೇರೆಯವರ ಮೈ," ಎಂದರು ಡಾಕ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ಮನೆಯವರು ಬಂದ್ರೆ ಹೆಜ್ಜೆ ಸದ್ದಲ್ಲೇ ಗೊತ್ತಾಗುತ್ತಲ್ಲ ನಿಮಗೆ? ಹಾಗೆ ಒಬ್ಬೊಬ್ಬರ ಎದೆಗೂ ಒಂದು ನಡಿಗೆ ಇರುತ್ತೆ. ಮೊದಲ ತಿಂಗಳಲ್ಲೇ ಟಿಕಳಿ ಅದನ್ನ ಕಲಿತುಬಿಡುತ್ತೆ. ಇವತ್ತು ಹಚ್ಕೊಂಡಿರೋದು ನಿಮ್ಮ ಎದೆ ಅಲ್ಲ."

"ಇದು ನಂದ ಎದಿ ರೀ ಮೇಡಂ," ಅಂದಳು ಹುಲಿಗೆವ್ವ.

"ನಿಮ್ಮದು ನನ್ನ ಹತ್ರ ಇದೆಯಮ್ಮ, ಎರಡು ವರ್ಷದ್ದು. ನೋಡಿ." ಅವರು ಪರದೆಯನ್ನು ಅವಳ ಕಡೆ ತಿರುಗಿಸಿದರು. ಹಸಿರು ಗೆರೆಯೊಂದು ತೆರೆತೆರೆಯಾಗಿ ಹರಿದುಹೋಗಿತ್ತು. ಹುಲಿಗೆವ್ವ ಅದನ್ನು ನೋಡಿದಳು, ಬಾಗಿಲಲ್ಲಿ ನಿಂತ ಗಂಡನನ್ನು ನೋಡಿದಳು, ಕೆಮ್ಮಿದಳು.

"ಈ ಕೆಮ್ಮು ಯಾವಾಗಿಂದ?"

"ಭಾಳ ದಿನಾ ಆತ್ರಿ."

ಡಾಕ್ಟರು ಪರದೆ ನೋಡಿದರು. "ಇಲ್ವಲ್ಲ. ತುಂಬಾ ಚೆನ್ನಾಗಿರೋ ಎದೆ ನಿಮ್ಮದು. ಶೀತ ಆಗಿರ್ಬೇಕು, ಬಿಸಿನೀರು ಕುಡೀರಿ." ಆಮೇಲೆ ಎಲ್ಲರ ಕಡೆ ನೋಡಿದರು. "ನಿಮ್ಮ ನಿಮ್ಮಲ್ಲೇ ಅದಲುಬದಲು ಮಾಡ್ಕೊಂಡಿದೀರಾ? ತಮಾಷೆಗಾ? ಇನ್ನೊಬ್ಬರ ಮೈ ತೋರಿಸಿದ್ರೆ ಕೆಲಸದಿಂದ ತೆಗೀಬಹುದು ಅಂತ ಕರಾರಲ್ಲೇ ಇದೆ, ಗೊತ್ತಲ್ಲ?"

ದೊಡ್ಡ ತಪ್ಪಿನ ಪಕ್ಕದಲ್ಲಿ ಡಾಕ್ಟರು ತಾವಾಗಿ ಒಂದು ಸಣ್ಣ ತಪ್ಪು ತಂದಿಟ್ಟಿದ್ದರು. ಬಾಬಾಜಾನ್ ಕಾಕಾ ಅದನ್ನು ಎತ್ತಿಕೊಂಡ.

"ಹೌದ್ರಿ. ಚಾಷ್ಟಿಗೆ ಮಾಡಿದ್ವಿ. ತಪ್ಪಾತು."

"ನಾಳೆಯಿಂದ ಸರಿಯಾಗಿ ಹಚ್ಚಿಕೊಳ್ಳಿ. ಇವತ್ತಿನದು ಲೆಕ್ಕಕ್ಕಿಲ್ಲ. ಫ್ಯಾನು ನಿನ್ನೆಯ ಉಸಿರಿಗೇ ತಿರುಗ್ತಿರುತ್ತೆ."

ಸಂಜೆ ಹನ್ನೊಂದು ಟಿಕಳಿಗಳು ಯಮನೂರಪ್ಪನ ತೋಳಿಗೆ ಮರಳಿದವು. ಅಂಟಿದ್ದೇ ತಡ ಎಲ್ಲವೂ ಹಸಿರಾದವು, ಮನೆಗೆ ಬಂದವರ ಹಾಗೆ.

ಹುಲಿಗೆವ್ವ ಅವತ್ತು ಅಡಿಗೆಗೆ ಕೈ ಹಚ್ಚಲಿಲ್ಲ. ಚಾಳಿನ ಹಿಂದಿನ ಗೋಡೆಯ ಆಚೆ ಕಾರ್ಡಿಂಗಿನ ಫ್ಯಾನು ಗುಂಯ್ ಎಂದು ಸಣ್ಣಗೆ ತಿರುಗುತ್ತಿತ್ತು. ಟಿಕಳಿ ಬರುವ ಮುಂಚೆ ಅದರ ಅಬ್ಬರಕ್ಕೆ ಚಾಳಿನಲ್ಲಿ ಮಾತು ಕೇಳುತ್ತಿರಲಿಲ್ಲ. ಸದ್ದು ಕಡಿಮೆಯಾದಾಗ ಎಲ್ಲರಿಗೂ ಹಾಯೆನಿಸಿತ್ತು.

"ಟಿಕಳಿ ನಂಬೂದು ನನ್ನ ಎದಿ ಒಂದನ್ನ," ಅಂದ ಯಮನೂರಪ್ಪ.

"ಮತ್ತ?"

"ಹಂಗಾರ ನನ್ನ ಎದೀನ ಬಿಗೀಬೇಕು."

ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ತಲಿ ಗಿಲಿ ಕೆಟ್ಟೈತೇನ್ರಿ?"

"ಬದಲಿ ಅಂದ್ರ ಮತ್ತೇನು? ಇಲ್ಲದವರ ಜಾಗಾದಾಗ ನಿಂದ್ರೂದು."

"ನಾ ಇದ್ದೀನಲ್ಲ."

"ಟಿಕಳಿ ಪಾಲಿಗೆ ನೀ ಇಲ್ಲ."

ಅವಳು ಕೆಲಸ ಬಿಡುತ್ತೇನೆಂದಳು. ಬಿಟ್ಟರೆ ಆ ಜಾಗಕ್ಕೆ ಬರುವವಳಿಗೂ ಅದೇ ಗಾಳಿ, ಉಳಿದ ಹತ್ತು ಮಂದಿಗೂ ಅದೇ ಗಾಳಿ. ಅದನ್ನು ಅವನು ಹೇಳಲಿಲ್ಲ. ಕೆಲಸ ಬಿಟ್ಟು ಏನು ಮಾಡುವುದು ಎಂದೂ ಕೇಳಲಿಲ್ಲ. ಅವಳೇ ಸ್ವಲ್ಪ ಹೊತ್ತಿನ ಮೇಲೆ ಹಿಟ್ಟಿನ ಡಬ್ಬಿ ಎಳೆದುಕೊಂಡಳು.

ಬಾಬಾಜಾನ್ ಏರ್ಪಾಡು ಮಾಡಿದ. ಕಾರ್ಡಿಂಗಿನವರು ದಿನಕ್ಕೊಬ್ಬರಂತೆ ರಜೆ ಹಾಕುವುದು, ಖಾಲಿಯಾದ ಜಾಗಕ್ಕೆ ಯಮನೂರಪ್ಪ ಬರುವುದು. ಮೊದಲ ದಿನ ಒಳಗೆ ಹೋಗುವಾಗ ಕಾಕಾ ಅವನ ಹೆಗಲು ಹಿಡಿದು ನಿಲ್ಲಿಸಿದ.

"ಎದಿ ಅಷ್ಟ ಕೆಡಿಸ್ಕೊ. ಸಕ್ಕರಿ ಮುಟ್ಟಬ್ಯಾಡ."

"ಆತು ಕಾಕಾ."

"ಹಳದಿಗೆ ನಿಂದರು. ಕೆಂಪಿಗೆ ಹೋದಿ ಅಂದ್ರ ಹನ್ನೊಂದೂ ಮಂದಿ ಗೋದಾಮಿಗೆ."

ಮಷೀನಿನ ಹಲ್ಲುಗಳಲ್ಲಿ ಸಿಕ್ಕ ಹತ್ತಿಯ ಕಸ ಬಿಡಿಸುವ ಕೆಲಸವನ್ನು ಯಮನೂರಪ್ಪ ಕೇಳಿ ಪಡೆದ. ಆ ಹೊತ್ತಿಗೆ ಏಳುವ ಧೂಳು ಬಿಳಿ ಪರದೆಯ ಹಾಗೆ ನಿಲ್ಲುತ್ತದೆ, ಎದುರಿನವರ ಮುಖ ಕಾಣುವುದಿಲ್ಲ. ಮೂಗಿಗೆ ಕಟ್ಟಿದ್ದ ಬಟ್ಟೆ ಕೆಳಗಿಳಿಸಿ ಬಾಯಿ ತೆರೆದು ಉಸಿರೆಳೆದ. ಎರಡು ವರ್ಷ ಜೋಪಾನ ಮಾಡಿದ ಎದೆ ಸುಲಭವಾಗಿ ಬಗ್ಗಲಿಲ್ಲ. ಮೊದಲ ವಾರ ಸೀನು ಬಂತು, ಅಷ್ಟೇ. ಎರಡನೇ ವಾರ ಗಂಟಲು ಕೆರೆಯಿತು. ರಜೆಯ ದಿನ ಮನೆಯಲ್ಲಿದ್ದು ಸೋಮವಾರ ಒಳಗೆ ಕಾಲಿಟ್ಟಾಗ ಯಾರೋ ಒದ್ದೆ ಹಗ್ಗದಿಂದ ಪಕ್ಕೆಲುಬುಗಳನ್ನು ಸುತ್ತಿ ಎಳೆದ ಹಾಗಾಯಿತು. ಹುಲಿಗೆವ್ವ ಇಷ್ಟು ವರ್ಷ ಹೇಳುತ್ತಿದ್ದದ್ದು ಇದು. ಹೇಳಿದಾಗೆಲ್ಲ ಅವನು ಶುಂಠಿ ಕಷಾಯ ಮಾಡಿ ಕೊಡುತ್ತಿದ್ದ.

ಪಾಯಖಾನೆಗೆ ಹೋಗಿ ತೋಳೇರಿಸಿ ನೋಡಿದ. ಹನ್ನೊಂದೂ ಹಳದಿ. ಎದೆಯ ನಡಿಗೆ ಅದೇ ಹಳೆಯದು, ಕುಂಟು ಮಾತ್ರ ಹೊಸದು. ಟಿಕಳಿ ಅದನ್ನು ಅನುಮಾನಿಸಲಿಲ್ಲ. ಮನುಷ್ಯರು ಮೆಲ್ಲಗೆ ಕಾಯಿಲೆ ಬೀಳುವುದು ಅದಕ್ಕೆ ಗೊತ್ತಿರುವ ವಿಷಯ.

ಅವನು ಹೊರಗೆ ಬರುವಷ್ಟರಲ್ಲಿ ಫ್ಯಾನು ಸದ್ದು ಬದಲಿಸಿತ್ತು. ಮೊದಲು ಗುಂಯ್ ಎನ್ನುತ್ತಿದ್ದುದು ಭೋರ್ ಎಂದಿತು. ಮಷೀನುಗಳ ಮೇಲೆ ತೇಲುತ್ತಿದ್ದ ನಾರು ಒಂದು ಗಳಿಗೆ ತಡೆದು, ದಿಕ್ಕು ತಿಳಿದುಕೊಂಡ ಹಾಗೆ ಛಾವಣಿಯ ಕಿಂಡಿಗಳತ್ತ ಏರಿಹೋಗತೊಡಗಿತು. ಆಚೆ ತುದಿಯ ಗೋಡೆಯ ಮೇಲೆ ಬರೆದಿದ್ದ ಅಕ್ಷರಗಳು ಎಷ್ಟೋ ದಿನಗಳ ಮೇಲೆ ಕಂಡವು. ಹುಲಿಗೆವ್ವ ತನ್ನ ಮಷೀನಿನ ಮುಂದೆ ನಿಂತು ಒಂದು ಉದ್ದನೆಯ ಉಸಿರು ತಗೊಂಡಳು. ಅದು ಅರ್ಧದಲ್ಲಿ ತುಂಡಾಗಲಿಲ್ಲ.

ಅತ್ತ ಫ್ಯಾನ್ ಮನೆಯಲ್ಲಿ ಚುಕ್ಕಿ ಏರಿದ್ದನ್ನು ಡಾಕ್ಟರ್ ವಿಭಾ ಬಂದು ನೋಡಿದರಂತೆ. ಆಪರೇಟರ್ ಆಮೇಲೆ ಯಮನೂರಪ್ಪನಿಗೆ ಹೇಳಿದ: "ಮೇಡಂ ಫೋನಿನಾಗ ಹೇಳಾಕತ್ತಿದ್ರು. ಕಾರ್ಡಿಂಗ್ ಮಂದಿ ಎದಿ ಸ್ವಲ್ಪ ಬಿಗೀತು, ಯಂತ್ರ ತಾನ ತಿಳಕೊಂಡು ಗಾಳಿ ಹೆಚ್ಚ ಮಾಡ್ತು, ನಾವು ಹೇಳಿದ್ದ ಖರೇ ಆತು ಅಂತ. ಭಾಳ ಖುಷಿ ಆಗಿದ್ರು." ಯೋಜನೆ ಕೆಲಸ ಮಾಡುತ್ತಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ತೊಡಕು ಬೇರೆ ಕಡೆಯಿಂದ ಬಂತು. ಗಾಳಿ ಶುದ್ಧವಾದಂತೆ ಯಮನೂರಪ್ಪನ ಎದೆಯೂ ತಿಳಿಯಾಯಿತು. ಅದು ತಿಳಿಯಾದಂತೆ ಟಿಕಳಿ ಹಸಿರಿಗೆ ತಿರುಗಿತು, ಫ್ಯಾನು ಇಳಿಯಿತು, ಧೂಳು ಮತ್ತೆ ತೇಲಿತು. ಹುಲಿಗೆವ್ವ ಮತ್ತೆ ಕೆಮ್ಮಿದಳು. ಅವನು ಮತ್ತೆ ಕಸ ಬಿಡಿಸಲು ಹೋದ. ಹೀಗೆ ಏರುತ್ತ ಇಳಿಯುತ್ತ ಮೂರು ತಿಂಗಳು ಕಳೆದವು. ಹೆಚ್ಚಾದರೆ ಕೆಂಪು, ಕಡಿಮೆಯಾದರೆ ಧೂಳು. ಅವನು ಸರಿಯಾಗಿ ಅಷ್ಟೇ ಕಾಯಿಲೆಯವನಾಗಿ ಉಳಿಯಬೇಕಿತ್ತು.

ಟಿಕಳಿಯ ಬಣ್ಣ ಬದಲಾಗುವವರೆಗೆ ಕಾದರೆ ತಡವಾಗುತ್ತಿತ್ತು. ಅದಕ್ಕೆ ಹುಲಿಗೆವ್ವ ಒಂದು ದಾರಿ ಕಂಡುಕೊಂಡಳು. ಸಂಜೆ ಪಾಳಿ ಮುಗಿದ ಮೇಲೆ ಅವನ ಅಂಗಿ ತೆಗೆಸಿ, ಬೆನ್ನಿಗೆ ಕಿವಿ ಇಟ್ಟು ಕೂರುವಳು. ಒಳಗೆ ಸಿಳ್ಳು ಜೋರಾಗಿ ಕೇಳಿದರೆ, "ನಾಳೆ ಹೋಗಬ್ಯಾಡ್ರಿ," ಎನ್ನುವಳು. ಸಿಳ್ಳು ಸಣ್ಣಗಿದ್ದರೆ, "ಅರ್ಧ ಪಾಳಿ ಸಾಕು," ಎನ್ನುವಳು. ಸಿಳ್ಳೇ ಇಲ್ಲದಿದ್ದರೆ ಅವನು ಮತ್ತೆ ಪೂರ್ತಿ ಪಾಳಿ ಧೂಳಿನಲ್ಲಿ ನಿಲ್ಲಬೇಕಿತ್ತು. ಮದುವೆಯಾದ ಹೊಸದರಲ್ಲಿ ಕೂಡ ಅವಳು ಹೀಗೆ ಅವನ ಬೆನ್ನಿಗೆ ಇಷ್ಟು ಹೊತ್ತು ಒರಗಿರಲಿಲ್ಲ.

ಆ ಸಂಜೆಯೂ ಒರಗಿ ಕೂತಿದ್ದಳು. ಅವನು ಉಸಿರೆಳೆದ, ಬಿಟ್ಟ. ಅವಳ ಉಸಿರು ಅವನ ಬೆನ್ನಿಗೆ ಬಿಸಿಯಾಗಿ, ಸಮನಾಗಿ ತಾಗುತ್ತಿತ್ತು. ಅದರಲ್ಲಿ ಎಲ್ಲೂ ಸಿಳ್ಳಿರಲಿಲ್ಲ.

"ಏನಂತೈತಿ?" ಅಂದ.

"ಸುಮ್ನಿರ್ರಿ. ಕೇಳಾಕತ್ತೀನಿ."

ಇನ್ನೊಂದು ಪಕ್ಕಕ್ಕೆ ಕಿವಿ ಇಟ್ಟಳು. ಮತ್ತೊಮ್ಮೆ ಎಳೆಯಲು ಹೇಳಿದಳು. ಅವನು ಎಳೆದ.

"ಆರಾಮ ಆಗೀರಿ," ಅಂದಳು ಕೊನೆಗೆ. ಸಾವಿನ ಸುದ್ದಿ ತಂದವರು ಹೊಸ್ತಿಲಲ್ಲಿ ನಿಂತು ಮಾತಾಡುವ ದನಿಯಲ್ಲಿ ಅಂದಳು.

ಬೆಳಿಗ್ಗೆ ಪಾಳಿಗೆ ಹೊರಡುವ ಹೊತ್ತಿಗೆ, ಗೂಟಕ್ಕೆ ಹಾಕಿದ್ದ ಅಂಗಿ ಝಾಡಿಸಿ, ತೋಳುಗಳನ್ನು ಬಿಡಿಸಿ ಅವನ ಮುಂದೆ ಹಿಡಿದಳು. ಅವನು ಕೈ ತೂರಿಸಿದ. ಗುಂಡಿಗಳನ್ನು ಅವಳೇ ಹಾಕಿದಳು. ಮೇಲಿನದೊಂದನ್ನು, ಬಾಯಿ ತೆರೆದು ಉಸಿರಾಡಲು ಅನುಕೂಲವಾಗಲಿ ಎಂದು, ಬಿಟ್ಟಳು.